ಹೆಸರು ಹಾಕಿ, ಹೋಗಬೇಡ ಎಂದದ್ದು

ಹೋದ ವರ್ಷ ಯುಗಾದಿ ಕಳೆದು ಎಂಟನೆಯ ದಿನ, ಮಧ್ಯಾಹ್ನ ಹನ್ನೆರಡರ ಸುಮಾರು. ಬಳ್ಳಾರಿಯಲ್ಲಿ ಆ ಹೊತ್ತಿಗೆ ಬೀದಿನಾಯಿಗಳು ನನ್ನ ಅಕ್ಕಿ ಅಂಗಡಿಯೊಳಗೆ ಬಂದು ಚೀಲಗಳ ಸಂದಿಯಲ್ಲಿ ಮಲಗುತ್ತವೆ. ಎಬ್ಬಿಸಿದರೆ, ಅಂಗಡಿ ಅವುಗಳದು, ಕೇಳದೆ ಒಳಗೆ ಬಂದವನು ನಾನು ಎಂಬಂತೆ ನೋಡುತ್ತವೆ. ಅಂಥ ಬಿಸಿಲಿನಲ್ಲಿ ಪೂಜಿತಾ ವೇಲನ್ನು ತಲೆಗೆ ಸುತ್ತಿಕೊಂಡು, ಬಗಲಲ್ಲಿ ಲ್ಯಾಪ್‌ಟಾಪ್ ಹಿಡಿದು ಬಂದವಳೇ, "ತಾತಾ, ನೀವು ದೊಡ್ಡ ಮನಷ್ಯಾ ಆಗೀರಿ" ಅಂದಳು.

ನಾನು ನಂಬಿದೆ. ಮುಂದೆ ಆದದ್ದಕ್ಕೆಲ್ಲ ಅದೇ ಮೂಲ.

ಪೂಜಿತಾ ಬಾದನಹಟ್ಟಿಯ ಹುಡುಗಿ. ನಮ್ಮ ಓಣಿಯ ತುದಿಯಲ್ಲಿ ಆನ್‌ಲೈನ್ ಸೆಂಟರ್ ಇಟ್ಟುಕೊಂಡು ಪಹಣಿ, ಆಧಾರ್, ಪರೀಕ್ಷೆಯ ಅರ್ಜಿ ಎಲ್ಲ ಮಾಡಿಕೊಡುತ್ತಾಳೆ. ನನ್ನ ಅಂಗಡಿಗೆ ವೆಬ್‌ಸೈಟ್ ಮಾಡಿದವಳೂ ಅವಳೇ. ನಾನು ಶಾಲೆ ಬಿಟ್ಟದ್ದು ಮೂರನೆಯ ಕ್ಲಾಸಿನಲ್ಲಿ. ವೆಬ್‌ಸೈಟ್ ಬೇಕೆಂದು ನಾನೇನೂ ಕೇಳಿರಲಿಲ್ಲ. ಆದರೆ ಅಕ್ಕಿಯ ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ, ಅದು ಹೊಸದೋ ಹಳೆಯದೋ, ಅನ್ನ ಉದುರಾಗುತ್ತದೋ ಅಂಟಾಗುತ್ತದೋ ಹೇಳುವ ಮುದುಕನೊಬ್ಬ ಬಳ್ಳಾರಿಯಲ್ಲಿದ್ದಾನೆ ಎಂದು ಬೆಂಗಳೂರಿನ ಒಂದು ಪತ್ರಿಕೆಯವರು ನನ್ನ ಫೋಟೋ ಹಾಕಿ ಬರೆದುಬಿಟ್ಟಿದ್ದರು. ಫೋಟೋದಲ್ಲಿ ನಾನು ಅಕ್ಕಿ ಕಚ್ಚುತ್ತಿದ್ದೆ. ನೋಡಿದವರು ಹಲ್ಲುನೋವು ಅಂದುಕೊಂಡರು.

"ಗೂಗಲ್‌ನ್ಯಾಗ ಬಳ್ಳಾರಿ ಅಕ್ಕಿ ಅಂತ ಹುಡುಕಿದ್ರ ನಿಮ್ಮ ಅಂಗಡೀನ ಮೊದಲ ಬರಾಕ ಹತ್ತೈತಿ ತಾತಾ. ಆ ಪೇಪರಿನೋರು ನಿಮ್ಮ ಪುಟಕ್ಕ ಲಿಂಕ್ ಕೊಟ್ಟಾರಲ್ಲ, ಅದಕ್ಕ."

"ಲಿಂಕ್ ಅಂದ್ರ?"

"ಬಾಗಲಾ ಅಂತ ತಿಳ್ಕಳ್ರಿ. ಗೂಗಲ್ ದಿನಾ ತಿರಗತಿರತೈತಿ. ಒಂದು ಪುಟಕ್ಕ ಬಂದು, ಅಲ್ಲಿ ಬಾಗಲಾ ಕಂಡ್ರ, ಅದನ್ನ ಹಾದು ಮುಂದಿನ ಪುಟಕ್ಕ ಹೋಗತೈತಿ. ದೊಡ್ಡೋರು ತೋರಿಸಿದ ಮನಿ ಅಂದ್ರ ಚೊಲೋ ಮನೀನ ಇರಬೇಕು ಅಂತ ಅದರ ನಂಬಿಕಿ. ಈಗ ನೀವು ಯಾರಿಗೆ ಬಾಗಲಾ ಇಟ್ರೂ ಅವ್ರನ್ನೂ ಹಂಗ ನಂಬತೈತಿ."

ಒಳಗಿನಿಂದ ನನ್ನ ಹೆಂಡತಿ ವಿರೂಪಮ್ಮ ಕೇಳಿದಳು: "ಅಂವಾ ಬರೋದು ಎಷ್ಟೊತ್ತಿಗವ್ವಾ? ಚಾಕ್ಕ ಇಡಬೇಕೇನು?"

"ಅದು ಮನಷ್ಯಾ ಅಲ್ಲವ್ವಾ, ಯಂತ್ರ."

"ಹಂಗಾದ್ರ ಬರ್ಲಿ ಬಿಡು" ಎಂದು ವಿರೂಪಮ್ಮ ಅಪ್ಪಣೆ ಕೊಟ್ಟಳು.

ಬಾಗಿಲು ಅಂದ ಕೂಡಲೇ ನನಗೆ ನೆನಪಾದವಳು ನನ್ನ ಅಕ್ಕ ಹೊನ್ನೂರಮ್ಮ. ಅವಳನ್ನು ಸಿರುಗುಪ್ಪದ ಹತ್ತಿರದ ದೇಶನೂರಿಗೆ ಕೊಟ್ಟಿತ್ತು. ಗಂಡ ತೀರಿಕೊಂಡ ಮೇಲೆ ಮೈದುನನ ಮನೆಯಲ್ಲಿ ಆರು ವರ್ಷ ಇದ್ದಳು. ಊಟಕ್ಕೆ ಕಡಿಮೆ ಇರಲಿಲ್ಲ. ಆದರೆ ಆ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿರಬೇಕು ಎಂದು ಹೇಳುವ ಅಧಿಕಾರವೂ ಅವಳಿಗಿರಲಿಲ್ಲ. ಒಂದು ದಿನ ಟ್ರಂಕು ಹಿಡಿದು ಬಳ್ಳಾರಿಗೆ ಬಂದಳು. ನನ್ನ ಮನೆಯಲ್ಲೂ ಕೂರದೆ, ಹಿಂದಿನ ಓಣಿಯಲ್ಲಿ ಖೋಲಿ ಹಿಡಿದು ಜೋಳದ ರೊಟ್ಟಿ ಬಡಿದು ಮಾರತೊಡಗಿದಳು. ಮೈದುನ ತಿಂಗಳಿಗೊಮ್ಮೆ ಫೋನ್ ಮಾಡಿ, "ಬರ್ರಿ ಅತ್ತಿಗಿ, ಮನಿ ನೋಡ್ಕಳಾಕ ಯಾರೂ ಇಲ್ಲ" ಅನ್ನುತ್ತಿದ್ದ. ಅವಳದು ಒಂದೇ ಉತ್ತರ: "ಎಲ್ಡು ಒಲಿ ಹತ್ತೋತನಕ ಇಲ್ಲೇ ಅದೀನಿ. ಒಂದಕ್ಕ ಇಳೀತಂದ್ರ ನಾನ ಬರ್ತೀನಿ, ನೀ ಕರೆಯೋದು ಬ್ಯಾಡ."

ಆ ಯುಗಾದಿಗೆ ಎರಡನೆಯ ಒಲೆ ದಿನ ಬಿಟ್ಟು ದಿನ ಹತ್ತುತ್ತಿತ್ತು.

ಪೂಜಿತಾ ಅಕ್ಕನ ರೊಟ್ಟಿಗೂ ಒಂದು ಪುಟ ಮಾಡಿದಳು. ನನ್ನ ಪುಟದ ಕೆಳಗೆ 'ನಮ್ಮವರು' ಎಂದು ಬರೆದು, ಅದರಡಿ ಅಕ್ಕನ ಹೆಸರಿಗೆ ಬಾಗಿಲು ಇಟ್ಟಳು. ಅಕ್ಕ ಕೇಳಿರಲಿಲ್ಲ. ಕೇಳುವ ಸ್ವಭಾವ ಅವಳದಲ್ಲ. ಒಂದೂವರೆ ತಿಂಗಳಲ್ಲಿ ಜೋಳದ ರೊಟ್ಟಿ ಹುಡುಕಿದವರಿಗೆಲ್ಲ ಅಕ್ಕನ ಪುಟ ಮೊದಲು ಕಾಣತೊಡಗಿತು. ಕುಡತಿನಿಯ ಕರೆಂಟು ತಯಾರಿಸುವ ಸ್ಥಾವರದ ಇಂಜಿನಿಯರುಗಳು, ಹಾಸ್ಟೆಲ್‌ಗಳು, ಮದುವೆ ಮನೆಗಳು ಫೋನ್ ಮಾಡಿದವು. ಒಲೆ ಎರಡಾಯಿತು, ಮೂರಾಯಿತು, ನಾಲ್ಕಾಯಿತು. ಇಬ್ಬರು ಹೆಂಗಸರು ಕೆಲಸಕ್ಕೆ ಬಂದರು. ಮೈದುನ ಫೋನ್ ಮಾಡುವುದನ್ನು ನಿಲ್ಲಿಸಿದ.

ಇಲ್ಲಿಗೆ ನಿಂತಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ.

ವಿರೂಪಮ್ಮನಿಗೊಬ್ಬ ತಮ್ಮನಿದ್ದಾನೆ, ದೊಡ್ಡಬಸವರಾಜ. ಸಿರುಗುಪ್ಪದಲ್ಲಿ ರೈಸ್ ಮಿಲ್ಲು. ಅವನು ಒಂದು ಬೆಳಿಗ್ಗೆ ಬುಲೆಟ್ ಗಾಡಿಯ ಮೇಲೆ ಬಂದು, ಅಂಗಡಿಯೊಳಗೆ ಹೆಲ್ಮೆಟ್ ತೆಗೆಯದೆ ಕುಳಿತ. ಹೆಲ್ಮೆಟ್ ತೆಗೆಯಲಿಲ್ಲವೆಂದರೆ ಸಿಟ್ಟು ಬಂದಿದೆ ಎಂದು ಅರ್ಥ.

"ಬಾವಾ, ಗೂಗಲ್‌ಗೆ ನೀ ಹೇಳಿದ್ರ ನಡೀತೈತಂತ. ನಿಮ್ಮ ಅಕ್ಕನ ಸಲುವಾಗಿ ಹೇಳೀದಿ. ನಮ್ಮ ಸಲುವಾಗಿ ಯಾಕ ಹೇಳಲಿಲ್ಲ? ನಮ್ಮ ಅಕ್ಕಿ ಮಾರೇ ನೀ ದೊಡ್ಡಾವಾ ಆಗೀಯಲ್ಲ?"

ನಾನು ಒಬ್ಬರಿಗೆ ಇಲ್ಲ ಅಂದವನಲ್ಲ. ಅವನ ಹೆಸರು ಹಾಕಿಸಿದೆ. ಅದು ಸಿರುಗುಪ್ಪದಲ್ಲಿ ಗೊತ್ತಾಗಿ, ಅಲ್ಲಿಂದ ಕುರುಗೋಡಿಗೆ ಹೋಯಿತು. ಕುರುಗೋಡಿನ ನನ್ನ ಚಿಕ್ಕಪ್ಪನ ಮಗ ಚನ್ನಬಸವರಾಜ ಬೋರ್‌ವೆಲ್ ರಿಪೇರಿಯವನು. ಒಂದು ಕಾಲಕ್ಕೆ ಪಂಚಾಯ್ತಿಯ ಉಪಾಧ್ಯಕ್ಷನೂ ಆಗಿದ್ದ. ಅವನು ಫೋನ್ ಮಾಡಿ, "ಅಣ್ಣಾ, ಹೆಸರಿನ ಮುಂದ ಮಾಜಿ ಅಂತ ಹಾಕಬ್ಯಾಡ, ಉಪಾಧ್ಯಕ್ಷರು ಅಂತ ಅಷ್ಟ ಇರ್ಲಿ. ಮತ್ತ ದೊಡ್ಡಬಸವರಾಜನ ಹೆಸರಿನ ಕೆಳಗ ನನ್ನ ಹೆಸರು ಬರಬಾರದು" ಅಂದ. ದೊಡ್ಡಬಸವರಾಜನೂ ಇವನ ಕೆಳಗೆ ಬರಲು ಒಪ್ಪಲಿಲ್ಲ. ಪೂಜಿತಾ ಇಬ್ಬರನ್ನೂ ಅಕ್ಕಪಕ್ಕ ಹಾಕಿದಳು. ಎಡಗಡೆ ಯಾರು ಎಂಬುದಕ್ಕೆ ಎರಡು ದಿನ ಹಿಡಿಯಿತು.

ಆಮೇಲೆ ಬಂದವರನ್ನು ಎಣಿಸುವುದನ್ನು ಬಿಟ್ಟೆ. ಹಿಟ್ಟಿನ ಗಿರಣಿಯ ಮೂಕಪ್ಪ ಬಂದ. ಹೆಸರಿಗೆ ಮೂಕಪ್ಪ, ಮಾತಿಗೆ ಕೂತರೆ ಬಸ್ಸು ತಪ್ಪುತ್ತಿತ್ತು. ಶಾಮಿಯಾನಾದವರು, ಟ್ರ್ಯಾಕ್ಟರ್ ಬಿಡಿಭಾಗದವರು, ಜೀನ್ಸ್ ಪ್ಯಾಂಟಿಗೆ ಗುಂಡಿ ಹಚ್ಚುವವರು ಬಂದರು. ದೂರದ ಅಳಿಯನೊಬ್ಬನಿಗೆ ವ್ಯಾಪಾರವೇ ಇರಲಿಲ್ಲ. ತನ್ನ ಎತ್ತು ತೂಕದ ಕಲ್ಲು ಎಳೆಯುವ ವಿಡಿಯೋಕ್ಕೆ ಬಾಗಿಲು ಬೇಕೆಂದ. ಅದನ್ನೂ ಇಡಿಸಿದೆ. ಅಕ್ಕನೂ ಸೇರಿ ನಲವತ್ತಮೂರು ಹೆಸರಾದವು. ಅಕ್ಕಿ ಎಲ್ಲಿದೆ ಎಂದು ನೋಡಲು ಮೊಬೈಲ್ ಮೇಲೆ ಬೆರಳು ತಿಕ್ಕಿ ತಿಕ್ಕಿ ಸಾಕಾಗುತ್ತಿತ್ತು.

ಪೂಜಿತಾ ಮತ್ತೆ ಬಂದಳು. ಈ ಸಲ ದೊಡ್ಡ ಮನುಷ್ಯ ಅನ್ನಲಿಲ್ಲ.

"ತಾತಾ, ನೀವು ಕಂಡಕಂಡೋರಿಗೆಲ್ಲಾ ಜಾಮೀನು ನಿಂತಂಗಾತು. ಹಿಂಗಾದ್ರ ಗೂಗಲ್ ನಿಮ್ಮ ಮಾತೂ ನಂಬಲ್ಲ, ನಿಮ್ಮ ಅಂಗಡಿನೂ ಕೆಳಗ ಹೋಗತೈತಿ, ಹೊನ್ನೂರವ್ವಂದೂ ಹೋಗತೈತಿ. ಎತ್ತಿಗೂ ಅಕ್ಕೀಗೂ ಏನ್ರೀ ಸಂಬಂಧ?"

"ಎತ್ತು ನಮ್ಮ ಅಳಿಯಂದವ್ವಾ."

"ಹೆಸರು ತೆಗದುಬಿಡ್ರಿ."

"ತೆಗದ್ರ ನನ್ನ ಹೆಣಕ್ಕೂ ಬರಂಗಿಲ್ಲ ಅವ್ರು."

ಪೂಜಿತಾ ಒಂದು ಉಪಾಯ ಹೇಳಿದಳು. ಹೆಸರು ಹಾಗೇ ಇರಲಿ, ಬಾಗಿಲೂ ಇರಲಿ. ಒತ್ತಿದ ಮನುಷ್ಯರು ಹಾದುಹೋಗಲಿ. ಆದರೆ ಪುಟದ ಹಿಂದಿನ ಬರಹದಲ್ಲಿ, ಗೂಗಲ್‌ಗೆ ಮಾತ್ರ ತಿಳಿಯುವಂತೆ, 'ನೋಫಾಲೋ' ಎಂಬ ಒಂದು ಮಾತು ಸೇರಿಸಬಹುದು. ಅಂದರೆ, ಇವರ ಹೆಸರು ಹೇಳಿದ್ದೇನೆ ಅಷ್ಟೆ, ನನ್ನ ಮಾತಿನ ಮೇಲೆ ಇವರಲ್ಲಿಗೆ ಹೋಗಬೇಡ ಎಂದು.

ಇದು ನನಗೆ ತಟ್ಟನೆ ಅರ್ಥವಾಯಿತು. ಮೂರನೆಯ ಕ್ಲಾಸಿನವನಿಗೆ ಹೇಗೆ ಅಂದರೆ, ನಾನು ಐದು ಮದುವೆ ಮಾಡಿದವನು. ಕೆಲವರ ಮನೆಗೆ ಗಂಡ ಹೆಂಡತಿ ಇಬ್ಬರೂ ಹೋಗಿ, ಕುಂಕುಮ ಹಚ್ಚಿ, ಲಗ್ನಪತ್ರಿಕೆ ಕೈಗಿಟ್ಟು, ನೀವು ಬಂದರೇ ಮದುವೆ ಅನ್ನುತ್ತೇವೆ. ಇನ್ನು ಕೆಲವರಿಗೆ ಆ ಕಡೆ ಹೋಗುವ ಯಾರದೋ ಕೈಯಲ್ಲಿ ಕಳಿಸುತ್ತೇವೆ. ಪತ್ರಿಕೆ ಒಂದೇ, ಅಚ್ಚು ಒಂದೇ, ಅದರೊಳಗಿನ ಗಣಪತಿಯೂ ಒಂದೇ. ಕರೆದದ್ದು ಮಾತ್ರ ಬೇರೆ.

"ಕುಂಕುಮ ಹಚ್ಚಿ ಕರೆಯೋದು ಅಕ್ಕಗ ಒಬ್ಬಾಕಿಗೆ" ಅಂದೆ. "ಉಳಿದ ನಲವತ್ತೆರಡು ಮಂದಿಗೆ ಬಸ್ಸಿನ್ಯಾಗ ಕಳಿಸು."

ಪೂಜಿತಾ ಹಾಗೇ ಮಾಡಿದಳು. ಯಾರಿಗೂ ಗೊತ್ತಾಗುವುದಿಲ್ಲ ಎಂದು ನಾನು ತಿಳಿದೆ. ಪತ್ರಿಕೆ ಬಸ್ಸಿನಲ್ಲಿ ಬಂತೋ ಮನೆಯವರೇ ತಂದರೋ ಎಂಬುದು ನಮ್ಮ ಕಡೆ ಯಾರಿಗೆ ಗೊತ್ತಾಗದೆ ಉಳಿದಿದೆ?

ಮೊದಲು ಗೊತ್ತಾದದ್ದು ದೊಡ್ಡಬಸವರಾಜನಿಗೆ. ಅವನ ಮಿಲ್ಲಿನ ಕಂಪ್ಯೂಟರ್ ಕೆಲಸದವನು ಪುಟದ ಹಿಂದಿನ ಬರಹ ತೆಗೆದು ತೋರಿಸಿದ. ತನಗೊಬ್ಬನಿಗೇ ಹಾಗೆ ಮಾಡಿದ್ದಾರೆ ಎಂದುಕೊಂಡು, ಮಾರನೆಯ ದಿನವೇ ಬಳ್ಳಾರಿಯ ಒಂದು ಪೊಲೀಸ್ ಠಾಣೆಗೆ ಅರ್ಜಿ ಕೊಟ್ಟ. ಅರ್ಜಿದಾರನ ಮಿಲ್ಲಿಗೆ ಹೋಗದಂತೆ ಎದುರುದಾರನು ಗೂಗಲ್‌ನನ್ನು ತಡೆದು ನಿಲ್ಲಿಸಿರುತ್ತಾನೆ ಎಂದು ಅದರಲ್ಲಿತ್ತು.

ಎ.ಎಸ್.ಐ. ಸಾಹೇಬರು ನನ್ನನ್ನು ಕರೆಸಿದರು. ದೊಡ್ಡಬಸವರಾಜ ಆಗಲೇ ಅಲ್ಲಿದ್ದ, ಹೆಲ್ಮೆಟ್ ಹಾಕಿಕೊಂಡೇ.

"ಯಜಮಾನ್ರೇ, ಗೂಗಲ್ ನಿಮ್ಮ ಮಾತು ಕೇಳತೈತಂತ, ಖರೇನಾ?"

"ಏನೋ ಸ್ವಲ್ಪ ಕೇಳತೈತ್ರಿ."

ಸಾಹೇಬರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ನಮ್ಮ ಠಾಣೆಗೆ ಯಾವನೋ ಒಂದ ಸ್ಟಾರ್ ಕೊಟ್ಟಾನ. ಕುಡಿಯಾಕ ನೀರಿಲ್ಲ ಅಂತ ಬರದಾನ. ಲಾಕಪ್ಪಿನ್ಯಾಗ ಕುಂತು ಬರದಾನ ನೋಡ್ರಿ, ಭಂಡ! ಅದನ್ನ ತೆಗಸಾಕ ಆಗತೈತೇನು?"

"ಸಾಹೇಬ್ರ, ನನ್ನ ಅರ್ಜಿ..." ಅಂದ ದೊಡ್ಡಬಸವರಾಜ.

"ತಡೀರಿ. ಹೆಲ್ಮೆಟ್ ತೆಗೀರಿ ಮೊದಲು, ಠಾಣೆ ಇದು." ಸಾಹೇಬರು ಅರ್ಜಿಯನ್ನು ತಿರುವಿ ನೋಡಿದರು. "ದಾರಿಗೆ ಅಡ್ಡ ಕಲ್ಲಿಟ್ರ ಕೇಸ್ ಐತಿ. ಕಲ್ಲ ಇಲ್ಲ, ದಾರೀನೂ ಇಲ್ಲ. ಬೀಗರು ಬಿಜ್ಜರು ಅದೀರಿ, ಹಿರ್ಯಾರ ಮುಂದ ಕುಂತು ಬಗಿಹರಿಸ್ಕಳ್ರಿ."

ಈ ಸುದ್ದಿ ಕೇಳಿ ಕುರುಗೋಡಿನಲ್ಲಿ ಚನ್ನಬಸವರಾಜ ಅರ್ಧ ದಿನ ನಕ್ಕನಂತೆ. ಆಮೇಲೆ ಅವನ ಸೊಸೆ ಶೀಲಾ, ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು, "ಮಾವಾರ, ನಿಮಗೂ ಹಾಕ್ಯಾರ" ಅಂದಳು. ಉಳಿದ ಅರ್ಧ ದಿನ ಅವನು ಊಟ ಮಾಡಲಿಲ್ಲ.

ಆಷಾಢದ ಭಾನುವಾರ ಕುರುಗೋಡಿನಲ್ಲಿ ಚನ್ನಬಸವರಾಜನ ಮನೆಯ ಪಡಸಾಲೆಯಲ್ಲಿ ಎಲ್ಲರೂ ಕೂಡಿದರು. ಆಷಾಢದಲ್ಲಿ ಲಗ್ನವಿಲ್ಲ, ಎಲ್ಲರಿಗೂ ಪುರುಸೊತ್ತಿತ್ತು. ಎತ್ತಿನ ಅಳಿಯನೂ ಬಂದಿದ್ದ. ಮಧ್ಯಾಹ್ನದ ಊಟಕ್ಕೆ ಇನ್ನೂರು ರೊಟ್ಟಿ ತರಬೇಕೆಂದು ಅಕ್ಕನಿಗೆ ಹೇಳಿ ಕಳಿಸಿದ್ದರು. ಅಕ್ಕ ಬುಟ್ಟಿಗಳೊಂದಿಗೆ ಬಂದು, ಅಡುಗೆಮನೆಯ ಬಾಗಿಲ ಬಳಿ ಕುಳಿತು ಬಳ್ಳೊಳ್ಳಿ ಸುಲಿಯುತ್ತಿದ್ದಳು.

ಶೀಲಾ ಪುಟದ ಹಿಂದಿನ ಬರಹವನ್ನು ದೊಡ್ಡ ಟಿ.ವಿ.ಯ ಮೇಲೆ ಹಾಕಿ, ಹಾಜರಿ ಕರೆಯುವಂತೆ ಒಂದೊಂದೇ ಹೆಸರು ಓದಿದಳು.

"ದೊಡ್ಡಬಸವರಾಜ ರೈಸ್ ಮಿಲ್. ನೋಫಾಲೋ."

"ಕೇಳಿದ್ರಾ!" ಅಂದ ದೊಡ್ಡಬಸವರಾಜ.

"ಉಪಾಧ್ಯಕ್ಷರು ಚನ್ನಬಸವರಾಜ ಬೋರ್‌ವೆಲ್. ನೋಫಾಲೋ. ಮೂಕಪ್ಪ ಹಿಟ್ಟಿನ ಗಿರಣಿ. ನೋಫಾಲೋ."

"ನನಗೂ?" ಮೂಕಪ್ಪ ಎದ್ದು ನಿಂತ. "ನನ್ನ ಗಿರಣ್ಯಾಗ ಏನು ಕಲ್ಲ ಬೀಸ್ತಾರೇನು? ನಲವತ್ತು ವರ್ಷ ಆತು..."

"ಕುಂದರಲೇ ಮೂಕಪ್ಪಾ, ನಿನ್ನ ನಲವತ್ತು ವರ್ಷ ಮುಗಿಯಾಕ ನಲವತ್ತು ವರ್ಷ ಬೇಕು" ಎಂದು ಹಿಂದಿನಿಂದ ಯಾರೋ ಕೂಗಿದರು.

ಹೀಗೆ ಎತ್ತಿನವರೆಗೂ ಬಂತು. ಎತ್ತಿಗೂ ನೋಫಾಲೋ. ಅಳಿಯ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಕೊನೆಗೆ ಶೀಲಾ, "ಹೊನ್ನೂರಮ್ಮ ರೊಟ್ಟಿ ಕೇಂದ್ರ" ಎಂದು ಓದಿ, ತಡೆದು, ಕನ್ನಡಕ ಸರಿಮಾಡಿಕೊಂಡು, "ಇದಕ್ಕ ಹಾಕಿಲ್ಲ" ಅಂದಳು.

ಎಲ್ಲರೂ ಅಡುಗೆಮನೆಯ ಬಾಗಿಲ ಕಡೆ ತಿರುಗಿದರು. ಅಕ್ಕ ಬಳ್ಳೊಳ್ಳಿ ಸುಲಿಯುತ್ತಲೇ ಇದ್ದಳು.

"ಹಂಗಾದ್ರ ಅಕ್ಕ ಒಬ್ಬಾಕೀನ ನಿಮ್ಮಾಕಿ, ನಾವೆಲ್ಲಾ ಹಾದ್ಯಾಗ ಹೋಗೋರು" ಅಂದ ಚನ್ನಬಸವರಾಜ.

"ಹಂಗಲ್ಲಪಾ..."

"ಹೆಂಗ ಮತ್ತ? ಎಲ್ಲಾರಿಗೂ ತೆಗಿ ಬಾವಾ, ಇಲ್ಲಾ ಎಲ್ಲಾರಿಗೂ ಹಾಕು. ನಡುವ ಒಂದು ಮಾತು ಬ್ಯಾಡ" ಎಂದು ದೊಡ್ಡಬಸವರಾಜ ತೊಡೆ ತಟ್ಟಿದ. ಇದು ನ್ಯಾಯ ಎಂದು ಪಡಸಾಲೆ ಒಪ್ಪಿತು. ಇಷ್ಟು ದಿನ ಎಡಬಲಕ್ಕೆ ಹೊಡೆದಾಡಿದವರು ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡರು.

ಅಲ್ಲಿಂದಲೇ ಪೂಜಿತಾಳಿಗೆ ಫೋನ್ ಹಚ್ಚಿಸಿದರು. ಎಲ್ಲರಿಗೂ ಕೇಳಲಿ ಎಂದು ಶೀಲಾ ಸ್ಪೀಕರ್ ಹಾಕಿದಳು.

"ಎಲ್ಲಾರಿಗೂ ತೆಗದ್ರ ಹೆಂಗವ್ವಾ?" ಅಂದೆ.

"ಮೊದಲ ಹೇಳೀನಲ್ಲ ತಾತಾ. ನಿಮ್ಮ ಅಂಗಡಿ ಮುಳಗತೈತಿ."

"ಎಲ್ಲಾರಿಗೂ ಹಾಕಿದ್ರ?"

"ನಿಮಗೇನಾಗಲ್ಲ. ಎಲ್ಲಾರಿಗೂ ಅಂದ್ರ ಹೊನ್ನೂರವ್ವಗೂ ಹಾಕ್ಲಾ?"

ನಲವತ್ತೆರಡು ಮನೆಯವರು ನನ್ನ ಬಾಯಿ ನೋಡುತ್ತಿದ್ದರು. ಅಕ್ಕ ನೋಡುತ್ತಿರಲಿಲ್ಲ; ಅವಳ ಕೈ ಮಾತ್ರ ನಿಂತಿತ್ತು.

"ಎಲ್ಲಾರಿಗೂ ಹಾಕು" ಅಂದೆ.

ಚಪ್ಪಾಳೆ ಬಿತ್ತು. ದೊಡ್ಡಬಸವರಾಜ ನನ್ನನ್ನು ತಬ್ಬಿಕೊಂಡು, "ಹಿರೇತನ ಅಂದ್ರ ಇದು" ಅಂದ. ಯಾರ ಮನೆಗೂ ಗೂಗಲ್ ಹೋಗುವುದಿಲ್ಲ ಎಂಬ ಸಮಾಧಾನದಲ್ಲಿ ಎಲ್ಲರೂ ಪಂಕ್ತಿಗೆ ಕುಳಿತರು. ಇನ್ನೂರು ರೊಟ್ಟಿಯೂ ಮುಗಿದವು. ಮೂಕಪ್ಪ ಒಬ್ಬನೇ ಒಂಬತ್ತು ತಿಂದ. ಬಡಿಸಿದವಳು ಅಕ್ಕ. ನನ್ನ ತಟ್ಟೆಗೂ ಕೇಳಿ ಕೇಳಿ ಹಾಕಿದಳು.

ಎರಡು ವಾರ ಬಿಟ್ಟು, ಅಕ್ಕನದನ್ನು ಸದ್ದಿಲ್ಲದೆ ತೆಗೆಸಿದರಾಯಿತು ಎಂದು ಲೆಕ್ಕ ಹಾಕಿಕೊಂಡೇ ನಾನು ಬಳ್ಳಾರಿಗೆ ಮರಳಿದ್ದೆ. ಆದರೆ ಶೀಲಾ ಪಾಠ ಹೇಳುವವಳು. ಪ್ರತಿ ಸೋಮವಾರ ಬೆಳಿಗ್ಗೆ ಪುಟದ ಹಿಂದಿನ ಬರಹ ನೋಡಿ, 'ಬಂಧು ಬಳಗ' ಎಂಬ ವಾಟ್ಸಾಪ್ ಗುಂಪಿನಲ್ಲಿ, "ನಲವತ್ತಮೂರಕ್ಕೆ ನಲವತ್ತಮೂರೂ ಸರಿಯಾಗಿವೆ" ಎಂದು ಹಾಕತೊಡಗಿದಳು. ಅದಕ್ಕೆ ನಲವತ್ತೆರಡು ಮಂದಿ ಕೈಮುಗಿಯುವ ಚಿತ್ರ ಒತ್ತುತ್ತಿದ್ದರು. ನಾನೂ ಒತ್ತುತ್ತಿದ್ದೆ.

ಶ್ರಾವಣದಲ್ಲಿ ಅಕ್ಕನ ಪುಟ ಮೊದಲಿನ ಸಾಲಿನಿಂದ ಇಳಿಯಿತು. ಭಾದ್ರಪದಕ್ಕೆ ಅದನ್ನು ಹುಡುಕಲು ಪೂಜಿತಾಳೇ ಮೂರು ಪುಟ ದಾಟಬೇಕಾಯಿತು. "ಅದೊಂದ ಕಾರಣ ಅಲ್ಲ ತಾತಾ, ಬ್ಯಾರೆ ಊರಿನ ದೊಡ್ಡ ಕಂಪನಿಗಳೂ ರೊಟ್ಟಿ ಮಾರಾಕ ಹತ್ಯಾವ" ಎಂದು ಅವಳು ಸಮಾಧಾನ ಹೇಳಿದಳು. ಉಳಿದ ಕಾರಣಗಳನ್ನು ನಾನು ಕೇಳಲಿಲ್ಲ. ನಾಲ್ಕು ಒಲೆ ಮೂರಾಗಿ, ಎರಡಾಗಿ, ಗಣಪತಿ ಹಬ್ಬ ಕಳೆದ ವಾರ ಒಂದಾಯಿತು. ಕೆಲಸದ ಇಬ್ಬರನ್ನೂ ಅಕ್ಕ ಸೀರೆ ಉಡಿಸಿ ಕಳಿಸಿದಳು.

ನಾನು ಹೋದಾಗ ಖೋಲಿಯ ಗೋಡೆಯ ಮಸಿ ತೊಳೆಯುತ್ತಿದ್ದಳು.

"ಅಕ್ಕಾ, ಒಂದು ತಿಂಗಳು ತಡಿ."

"ದೇಶನೂರಿಗೆ ಫೋನ್ ಮಾಡೀನಿ. ಮಾತು ಕೊಟ್ಟಾಗೈತಿ."

"ಅವತ್ತು ಅಷ್ಟು ಮಂದಿ ಮುಂದ..."

"ನೀ ಸಣ್ಣಾವಿದ್ದಾಗಿಂದ ಹಂಗ, ಕೊಟ್ರಾ" ಅಂದಳು ಅಕ್ಕ. ಸಿಟ್ಟಿನ ದನಿಯಲ್ಲ, ಜ್ವರ ಬಂದವನ ಹಣೆ ಮುಟ್ಟಿ ಹೇಳುವ ದನಿ. "ಯಾರರ ಕೇಳಿದ್ರ ಕೊಡ್ತಿದ್ದಿ. ಕೇಳಲಾರದೋರಿದ್ದು ತಗದು ಕೊಡ್ತಿದ್ದಿ. ಆ ಬಕೀಟು ಈ ಕಡೆ ಸರಿಸು."

ಬಕೆಟ್ ಸರಿಸಿ, ನೇರ ಸಿರುಗುಪ್ಪದ ಬಸ್ಸು ಹತ್ತಿದೆ. ದೊಡ್ಡಬಸವರಾಜನ ಕಾಲು ಹಿಡಿಯಬೇಕಾದರೂ ಸರಿ, ಅಕ್ಕನೊಬ್ಬಳನ್ನು ಬಿಟ್ಟುಬಿಡಿ ಎಂದು ಕೇಳಲು ನಿಶ್ಚಯ ಮಾಡಿದ್ದೆ. ಮಿಲ್ಲಿನ ಹೊಟ್ಟಿನ ಧೂಳಿನಲ್ಲಿ ನಿಂತು, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಹೇಳಿದೆ. ಅವನು ಬಾಯಿ ತೆರೆದು ನನ್ನನ್ನೇ ನೋಡಿದ.

"ಇಷ್ಟಕ್ಕ ಇಲ್ಲೀತನಕ ಬಂದೀಯೇನು ಬಾವಾ? ಅಕ್ಕಂದು ಹೊಟ್ಟಿಪಾಡು, ಆಕೀದು ಬಿಡ್ರಿ ಅಂತ ಅವತ್ತ ನೀ ಒಂದು ಮಾತು ಅಂದಿದ್ರ ನಾವು ಬ್ಯಾಡ ಅಂತಿದ್ವಾ? ನಾವೇನು ರಾಕ್ಷಸರೇನು?"

ಅವನು ಅಲ್ಲಿಂದಲೇ ಗುಂಪಿನಲ್ಲಿ ಹಾಕಿದ. ಐದು ನಿಮಿಷದಲ್ಲಿ ನಲವತ್ತು ಮಂದಿ ಒಪ್ಪಿದರು. ಚನ್ನಬಸವರಾಜ, "ಇದನ್ನ ಮೊದಲ ಹೇಳಾಕೇನಾಗಿತ್ತಣ್ಣಾ?" ಎಂದು ಫೋನ್ ಮಾಡಿ ಬೈದ. ಎತ್ತಿನ ಅಳಿಯ, ಅಕ್ಕನಿಗಾಗಿ ಬೇಕಾದರೆ ಎತ್ತಿನ ಹೆಸರನ್ನೇ ತೆಗೆಸಿ ಎಂದು ಬರೆದ. ಎಲ್ಲರೂ ಒಳ್ಳೆಯವರೇ. ನಾನು ಅಲ್ಲೇ ಹೊಟ್ಟಿನ ಚೀಲದ ಮೇಲೆ ಕುಳಿತೆ.

ಪೂಜಿತಾಳಿಗೆ ಆ ಮಾತನ್ನು ತೆಗೆಯಲು ಎರಡು ನಿಮಿಷ ಹಿಡಿಯಿತು.

"ಆತಾ?" ಅಂದೆ.

"ನಾವು ತೆಗದ್ವಿ ತಾತಾ. ಅದು ಮತ್ತ ತಿರುಗಿ ಬಂದು ನೋಡಬೇಕಲ್ಲ. ಆಮ್ಯಾಲೆ ಹೊನ್ನೂರವ್ವನ ಪುಟಕ್ಕ ಹೋಗಬೇಕು."

"ಯಾವಾಗ ಬರತೈತಿ?"

"ಅದು ನಮ್ಮ ಕೈಯಾಗಿಲ್ಲ. ವಾರ ಆಗಬಹುದು, ಎಲ್ಡು ತಿಂಗಳಾದ್ರೂ ಆಗಬಹುದು."

ವಾರವೂ ಆಯಿತು, ತಿಂಗಳೂ ಆಯಿತು. ಗೂಗಲ್ ಮತ್ತೆ ಬಂದು, ನನ್ನ ಬಾಗಿಲು ಹಾದು, ಅಕ್ಕನ ಪುಟಕ್ಕೆ ಹೋದದ್ದು ದೀಪಾವಳಿ ಕಳೆದ ಸೋಮವಾರ. ಜೋಳದ ರೊಟ್ಟಿ ಹುಡುಕಿದರೆ ಮತ್ತೆ ಅವಳ ಹೆಸರೇ ಮೊದಲು ಎಂದು ಪೂಜಿತಾ ಓಡಿ ಬಂದು ತೋರಿಸಿದಳು. ಅದೇ ದಿನ ಕುಡತಿನಿಯಿಂದ ಯಾರೋ ನೂರು ರೊಟ್ಟಿಗೆ ನನ್ನ ಅಂಗಡಿಗೆ ಫೋನ್ ಮಾಡಿದರು; ಇಲ್ಲ ಎಂದು ಹೇಳಿದವನು ನಾನು.

ಅಕ್ಕ ದೇಶನೂರಿಗೆ ಹೋದದ್ದು ಮಹಾನವಮಿಗೆ ಹನ್ನೊಂದು ದಿನ ಇರುವಾಗ, ಗುರುವಾರ, ಬೆಳಗಿನ ಹತ್ತೂವರೆಯ ಸಿರುಗುಪ್ಪ ಬಸ್ಸಿಗೆ.